ಸವಣಗೇರಿಯ ತೊಟ್ಟಿಲಮನೆ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಬುಟ್ಟಿ ತುಂಬ ಮಣ್ಣಿನ ಎತ್ತು ಹೊತ್ತು ಮಾರಲು ಹೋದ ಚಿತ್ರಗಾರರ ಅಡಿವೆಪ್ಪ, ಎತ್ತುಗಳನ್ನೆಲ್ಲ ಮಾರಿ ಮುಗಿಸಿ, ಬರಿದಾದ ಬುಟ್ಟಿಯನ್ನು ಒಂದು ಬಾವಿಯ ಕಟ್ಟೆಯ ಮೇಲೆ ಬೋರಲು ಹಾಕಿ, ಮನೆಯ ಕಡೆ ತಿರುಗದೆ ಎದುರಿಗಿದ್ದ ದಾರಿಯನ್ನೇ ಹಿಡಿದು ನಡೆದುಬಿಟ್ಟ. ಆಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಗಾಂವಠಿ ಶಾಲೆಯಲ್ಲಿ ಒತ್ತಕ್ಷರಗಳ ತನಕ ಬಂದು, ಅಲ್ಲಿಂದ ಮುಂದೆ ಅಕ್ಷರಗಳೂ ಬೇಡ, ಮಾಸ್ತರರ ಬೆತ್ತವೂ ಬೇಡ ಎಂದು ಎದ್ದುಬಂದವನು ಅವನು. ಅವನು ಮನೆ ಬಿಟ್ಟ ಆ ದಿನಕ್ಕೂ ಸವಣಗೇರಿಯ ಹಳೆಯ ಬ್ಯಾಂಕಿನ ಕಟ್ಟಡಕ್ಕೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣುವುದಿಲ್ಲ. ಆದರೆ ಅವನು ಅಂದು ಬುಟ್ಟಿ ಹಿಡಿದು ಮನೆಗೆ ಮರಳಿದ್ದರೆ ಆ ಕಟ್ಟಡಕ್ಕೆ ತೊಟ್ಟಿಲಮನೆ ಎಂಬ ಹೆಸರು ಬರುತ್ತಿರಲಿಲ್ಲ ಎನ್ನುತ್ತಾರೆ ಊರಿನ ಹಿರಿಯರು.

ಇಂದು ಸವಣಗೇರಿಯ ಬಸ್ ನಿಲ್ದಾಣದಲ್ಲಿ ಇಳಿದು ಆಟೋದವನಿಗೆ ‘ಆರ್ಟ್ ಗ್ಯಾಲರಿ’ ಎಂದರೆ ಅವನು ಒಂದು ಗಳಿಗೆ ಮುಖ ನೋಡುತ್ತಾನೆ. ‘ತೊಟ್ಟಿಲಮನೆ’ ಎಂದರೆ ಮರುಮಾತಿಲ್ಲದೆ ಗಾಡಿ ತಿರುಗಿಸುತ್ತಾನೆ. ಹತ್ತಿ ಪೇಟೆಯ ಬಾಯಲ್ಲಿ, ಹತ್ತಿಯಿಂದ ಬೀಜ ಬೇರ್ಪಡಿಸುತ್ತಿದ್ದ, ಈಗ ಮುಚ್ಚಿಹೋದ ಜಿನ್ನುಗಳ ಸಾಲಿನ ಕೊನೆಗೆ, ಕಪ್ಪು ಕಲ್ಲಿನ ಎರಡಂತಸ್ತಿನ ಕಟ್ಟಡ ಅದು. ಮುಂದೆ ದುಂಡು ಕಂಬಗಳು. ಕಮಾನಿನ ನಡುವೆ ಲಕ್ಷ್ಮಿಯಿರಬೇಕಾದ ಜಾಗದಲ್ಲಿ ಅರಳಿದ ಹತ್ತಿಕಾಯಿಯ ಕೆತ್ತನೆ. ಒಳಗೆ ಸಾಗವಾನಿಯ ಉದ್ದನೆಯ ಕೌಂಟರು, ಅದರ ಮೇಲೆ ಹಿತ್ತಾಳೆಯ ಸರಳುಗಳು ಹಾಗೆಯೇ ಇವೆ. ಗಿರಾಕಿಗಳು ನಿಲ್ಲುತ್ತಿದ್ದ ಹಜಾರದ ಗೋಡೆಗಳ ಮೇಲೆ ಈಗ ಚಿತ್ರಪಟಗಳು ತೂಗುತ್ತಿವೆ. ಏಜಂಟರು ಕೂರುತ್ತಿದ್ದ ಕೋಣೆಯಲ್ಲಿ ಚಹಾ ಸಿಗುತ್ತದೆ. ಹಿಂದಿನ ಖಜಾನೆಯ ಕೋಣೆಯ ಉಕ್ಕಿನ ಬಾಗಿಲನ್ನು ತಿರುಗಿಸುವ ಶಕ್ತಿ ಈಗ ಯಾರಿಗೂ ಇಲ್ಲವಾಗಿ ಅದು ಗೋಡೆಗೆ ಒರಗಿ ಸದಾ ತೆರೆದೇ ನಿಂತಿದೆ; ಒಳಗೆ ಸಣ್ಣ ಸಣ್ಣ ಚಿತ್ರಗಳನ್ನು ದೀಪದ ಕೆಳಗೆ ಇಟ್ಟಿದ್ದಾರೆ. ಎಲ್ಲವನ್ನೂ ನೋಡಿದ ಮೇಲೆ ಬಂದವರು ಕೇಳುವ ಪ್ರಶ್ನೆ ಒಂದೇ: “ತೊಟ್ಟಿಲು ಎಲ್ಲಿ?” ಟಿಕೇಟು ಹರಿಯುವ ಹೆಣ್ಣುಮಗಳು ತಲೆ ಎತ್ತದೆ, “ಇಲ್ರೀ, ತೊಟ್ಟಿಲು ಇಲ್ಲ” ಎನ್ನುತ್ತಾಳೆ. ಹೆಸರು ಒಂದು, ಒಳಗಿರುವುದು ಇನ್ನೊಂದು ಎಂದು ಗೊಣಗುತ್ತ ಹೋದವರೂ ಇದ್ದಾರೆ.

ಹಿಂದೆ ಒಮ್ಮೆ, ಈ ಕಟ್ಟಡದ ಸುಣ್ಣದ ವಾಸನೆ ಇನ್ನೂ ಆರದಿದ್ದ ಕಾಲದಲ್ಲಿ, ಊರಿನ ಹತ್ತಿ ವ್ಯಾಪಾರಸ್ಥರು ಕೂಡಿ ಇದರಲ್ಲಿ ಪೇಟೆ ಬ್ಯಾಂಕು ನಡೆಸುತ್ತಿದ್ದರು. ವಾಮನರಾಯರೆಂಬವರು ಅದರ ಏಜಂಟರು, ಈಗಿನ ಮಾತಿನಲ್ಲಿ ಮ್ಯಾನೇಜರು. ಬ್ಯಾಂಕಿನ ನಿಯಮಗಳು ಅವರಿಗೆ ಸಂಧ್ಯಾವಂದನೆಯ ಮಂತ್ರಗಳಷ್ಟೇ ಬಾಯಿಪಾಠವಾಗಿದ್ದವು. ನಿಯಮದಲ್ಲಿ ಇದ್ದುದನ್ನು ಅವರು ಬಿಡುತ್ತಿರಲಿಲ್ಲ, ಇಲ್ಲದ್ದನ್ನು ಮುಟ್ಟುತ್ತಿರಲಿಲ್ಲ. ಆ ಕಾಲದ ಸವಣಗೇರಿಗೆ ಹತ್ತಿಯನ್ನು ಬಿಟ್ಟರೆ ಇನ್ನೊಂದು ಹೆಮ್ಮೆಯೆಂದರೆ ಅರಗಿನ ಬಣ್ಣದ ತೊಟ್ಟಿಲು. ಚೊಚ್ಚಲ ಬಾಣಂತನಕ್ಕೆ ತವರಿನವರು ಕೊಟ್ಟ ತೊಟ್ಟಿಲು ಆ ಮನೆಯಲ್ಲಿ ಮಗನಿಂದ ಮೊಮ್ಮಗನಿಗೆ, ಮೊಮ್ಮಗನಿಂದ ಮರಿಮಗನಿಗೆ ಇಳಿಯುತ್ತಿತ್ತು. ಕೆಂಪು, ಹಳದಿ, ಹಸಿರು ಅರಗಿನ ನಡುವೆ ಬಳ್ಳಿ, ಗಿಳಿ, ಬಾಲಕೃಷ್ಣ. ಈ ತೊಟ್ಟಿಲುಗಳ ವಿಷಯದಲ್ಲಿ ಊರಿಗೆ ಎರಡು ಕಟ್ಟುಪಾಡುಗಳಿದ್ದವು. ಒಂದು, ತೊಟ್ಟಿಲಿಗೆ ಬೆಲೆ ಹೇಳಬಾರದು. ಬೆಲೆ ಕಟ್ಟಿದರೆ ಅದರಲ್ಲಿ ಮಲಗುವ ಕೂಸಿಗೇ ಬೆಲೆ ಕಟ್ಟಿದಂತೆ. ಚಿತ್ರಗಾರನಿಗೆ ಜೋಳ ಕೊಡುತ್ತಿದ್ದರು, ಧೋತರ ಕೊಡುತ್ತಿದ್ದರು, ಬೆಲ್ಲದ ಪೆಂಟಿ ಕೊಡುತ್ತಿದ್ದರು. ಎಷ್ಟು ಎಂದು ಅವನು ಕೇಳುವಂತಿರಲಿಲ್ಲ, ಇಷ್ಟು ಎಂದು ಇವರು ಹೇಳುವಂತಿರಲಿಲ್ಲ. ಇನ್ನೊಂದು, ತೊಟ್ಟಿಲನ್ನು ಬರಿದು ಬಿಡಬಾರದು. ಕೂಸು ಇಲ್ಲದಾಗ ಒರಳಿನ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ಒಳಗೆ ಮಲಗಿಸುತ್ತಿದ್ದರು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲು ಏರುವುದು ಈ ಗುಂಡಪ್ಪನೇ. ಹಾಗಾಗಿ ಅವನು ಹುಟ್ಟಿದ ಮಕ್ಕಳಿಗೆಲ್ಲ ಅಣ್ಣ.

ಅಡಿವೆಪ್ಪ ಮನೆ ಬಿಟ್ಟ ಮೇಲೆ ಮಾಡದ ಕೆಲಸವಿರಲಿಲ್ಲ. ಸಂತೆಯಿಂದ ಸಂತೆಗೆ ಬಳೆಗಾರನ ಹಿಂದೆ ತಿರುಗಿದ, ದೊಡ್ಡಾಟದವರಿಗೆ ಕಿರೀಟ ಬಳಿದುಕೊಟ್ಟ, ಘಟ್ಟ ಇಳಿದು ದೋಣಿಗೆ ಬಣ್ಣ ಹಚ್ಚಿದ, ಘಟ್ಟ ಹತ್ತಿ ಬಂದ. ಕೊನೆಗೆ ಹುಟ್ಟಿನ ಕಸುಬೇ ಕೈಗೆ ಹತ್ತಿತು. ಆದರೆ ಅವನ ಕಾಲಿನ ಗುಣ ಮಾತ್ರ ಬದಲಾಗಲಿಲ್ಲ. ಒಂದು ಊರಿನಲ್ಲಿ ಕೆಲಸ ಮುಗಿದ ದಿನ ಅವನಿಗೆ ಆ ಊರಿನ ನೀರು ಸಪ್ಪಗೆನಿಸುತ್ತಿತ್ತು. ಮರುದಿನ ಗಂಟಲಿಗೆ ಇಳಿಯುತ್ತಲೇ ಇರಲಿಲ್ಲ. ಹೆಣ್ಣು ಕೊಡುತ್ತೇವೆಂದು ಬಂದವರು ಅವನನ್ನು ಎರಡನೆಯ ಸಲ ಹುಡುಕಿಕೊಂಡು ಬರುವ ಹೊತ್ತಿಗೆ ಅವನು ಬೇರೆ ಸೀಮೆಯಲ್ಲಿರುತ್ತಿದ್ದ. ಸವಣಗೇರಿಗೆ ಮಾತ್ರ ಕೆಲವು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬಂದು, ಹಳೆಯ ತೊಟ್ಟಿಲುಗಳಿಗೆ ಹೊಸ ಅರಗು ಹಿಡಿಸಿ, ಕೇದಗೆಯ ಎಲೆಯಿಂದ ಉಜ್ಜಿ ಮಿಂಚು ಬರಿಸಿ ಹೋಗುತ್ತಿದ್ದ. ಅವನನ್ನು ಕರೆಸುತ್ತಿದ್ದವಳು ಸೂಲಗಿತ್ತಿ ಕಲ್ಲವ್ವ. ಊರಿನ ಅರ್ಧ ಮಂದಿಯನ್ನು ಈ ಲೋಕಕ್ಕೆ ಇಳಿಸಿಕೊಂಡವಳು ಅವಳೇ ಆದುದರಿಂದ ಅವಳ ಮಾತಿಗೆ ಎದುರಾಡುವವರು ಕಡಿಮೆ. ಸಾಹುಕಾರನೊಬ್ಬ ಗತ್ತಿನಿಂದ ಮಾತಾಡಿದರೆ, “ಸುಮ್ಮಕಿರೋ, ನೀ ಹುಟ್ಟಿದಾಗ ಅಳಾಕೂ ಬರತಿದ್ದಿಲ್ಲ, ಬೆನ್ನಿಗೆ ಎರಡು ಬಡದು ಅಳಸಿದಾಕಿ ನಾ” ಎನ್ನುತ್ತಿದ್ದಳು.

ಆ ವರ್ಷ ಅಡಿವೆಪ್ಪ ಬಂದು ಕೆಲಸ ಮುಗಿಸಿ ಗಂಟು ಕಟ್ಟುವ ಹೊತ್ತಿಗೆ ಸವಣಗೇರಿಯ ಅಟ್ಟಗಳಿಂದ ಇಲಿಗಳು ಬಿದ್ದು ಸಾಯತೊಡಗಿದವು. ಅದರ ಅರ್ಥ ಏನೆಂದು ಆ ಕಾಲದ ಮಂದಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಡ್ಡೆಯ ಬೇನೆ, ಎಂದರೆ ಪ್ಲೇಗು, ಬಂದಿತ್ತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರಬೇಕೆಂದು ಡಂಗುರ ಬಿತ್ತು. ಅಡುಗೆಯ ಪಾತ್ರೆ, ಕಾಳುಕಡಿ ಬಿಟ್ಟು ಬೇರೆ ಏನನ್ನೂ ಒಯ್ಯುವಂತಿಲ್ಲ. ಮನೆಯ ಮರಮುಟ್ಟಿನಲ್ಲಿ ಬೇನೆ ಅಡಗಿ ಕೂರುತ್ತದೆಯೆಂಬ ನಂಬಿಕೆ. ಬೇನೆಯ ಬಂದೋಬಸ್ತಿಗೆ ಬಂದ ಮಂದಿ ಖಾಲಿ ಮನೆಗಳನ್ನು ಹೊಕ್ಕು, ಒಡೆಯರಿಲ್ಲದ ಮರದ ಸಾಮಾನನ್ನೆಲ್ಲ ಬೀದಿಗೆ ಎಳೆದು ಸುಡುತ್ತಾರೆಂದು ಪಕ್ಕದ ಊರಿನಿಂದ ಸುದ್ದಿ ಬಂತು. ಅಲ್ಲಿ ಸುಟ್ಟ ರಾಶಿಯಲ್ಲಿ ತೊಟ್ಟಿಲುಗಳೂ ಇದ್ದವೆಂದು ಕೇಳಿದಾಗ ಸವಣಗೇರಿಯ ಹೆಂಗಸರು ಗಂಡಸರನ್ನು ಕೇಳಲು ಹೋಗಲಿಲ್ಲ. ಇಬ್ಬಿಬ್ಬರು ಒಂದೊಂದು ತೊಟ್ಟಿಲು ಹಿಡಿದು, ಒಳಗೆ ಗುಂಡಪ್ಪನನ್ನು ಮಲಗಿಸಿಕೊಂಡು, ಕಲ್ಲವ್ವನ ಹಿಂದೆ ಬ್ಯಾಂಕಿನ ಮುಂದೆ ಬಂದು ನಿಂತರು. ಕಲ್ಲು ಮತ್ತು ಉಕ್ಕಿನ ಆ ಖಜಾನೆ ಅಷ್ಟೊತ್ತಿಗೆ ಖಾಲಿಯಾಗಿತ್ತು; ಅದರಲ್ಲಿದ್ದುದನ್ನು ಪೋಲೀಸರ ಕಾವಲಿನಲ್ಲಿ ಜಿಲ್ಲೆಯ ಊರಿಗೆ ಸಾಗಿಸಿಯಾಗಿತ್ತು. ವಾಮನರಾಯರು ಬೀಗ ಹಾಕಿಸಿ ಹೊರಡುವ ತಯಾರಿಯಲ್ಲಿದ್ದರು.

“ರಾಯರ, ಇವನ್ನ ಒಳಗಿಟಗೋರಿ” ಎಂದಳು ಕಲ್ಲವ್ವ.

“ಇಟ್ಕೋಬಹುದವಾ. ಬ್ಯಾಂಕಿನ್ಯಾಗ ಸಾಮಾನು ಇಡಬೇಕಂದ್ರ ಅದರ ಬೆಲೆ ನಮೂದು ಮಾಡಬೇಕಾಗ್ತದ. ಹೇಳ್ರಿ, ಒಂದೊಂದರದು ಬೆಲೆ ಏನು?”

ಹೆಂಗಸರ ನಡುವೆ ಗುಸುಗುಸು ಎದ್ದಿತು. ಒಬ್ಬಳು ಕಿವಿ ಮುಚ್ಚಿಕೊಂಡಳು. ಕಲ್ಲವ್ವ ಸೊಂಟದ ಮೇಲೆ ಕೈ ಇಟ್ಟಳು. “ನಿಮ್ಮ ಸೊಸಿ ತವರಿಂದ ಬಂದ ತೊಟ್ಟಿಲಾನೂ ಇದರಾಗ ಐತಿ. ಅದರ ಬೆಲಿ ಮೊದಲ ನೀವ ಹೇಳ್ರಿ, ಆಮ್ಯಾಲೆ ನಾವು ಹೇಳತೀವಿ.”

ರಾಯರ ಸೊಸೆಗೆ ಏಳು ತಿಂಗಳು ತುಂಬಿತ್ತು. ಬೆಲೆ ಹೇಳದೆ ಒಳಗೆ ಇಡುವಂತಿಲ್ಲ, ಹೇಳುವುದಂತೂ ಆಗದು. ಅವರು ಮೆಟ್ಟಿಲ ಮೇಲೆ ಆ ಕಡೆ ಈ ಕಡೆ ಓಡಾಡಿದರು. ನಿಯಮಗಳನ್ನು ಮೊದಲಿನಿಂದ ಕೊನೆಯ ತನಕ ಮನಸ್ಸಿನಲ್ಲೇ ಒಪ್ಪಿಸಿಕೊಂಡರೆಂದು ತೋರುತ್ತದೆ. ಕೊನೆಗೊಮ್ಮೆ ನಿಂತು, ಬ್ಯಾಂಕಿನಲ್ಲಿ ವಾಸ ಮಾಡುವ ಕಾವಲುಗಾರ ತನ್ನ ಮನೆಸಾಮಾನನ್ನು ಒಳಗೆ ಇಟ್ಟುಕೊಳ್ಳಬಹುದು, ಅದಕ್ಕೆ ಬೆಲೆ ಕೇಳುವ ನಿಯಮವಿಲ್ಲ ಎಂದರು. ತೊಟ್ಟಿಲುಗಳೆಲ್ಲ ಕಾವಲುಗಾರನವು ಎಂದಾದರೆ ಸುಡುವವರಿಗೂ ಅಡ್ಡಿಯಾಗುತ್ತದೆ, ಏಕೆಂದರೆ ಒಡೆಯ ಅಲ್ಲಿಯೇ ಇದ್ದಹಾಗಾಯಿತು. ಎಲ್ಲರಿಗೂ ಜೀವ ಬಂದಂತಾಯಿತು. ಆದರೆ ಬ್ಯಾಂಕಿನ ಕಾವಲುಗಾರ ಹಿಂದಿನ ದಿನವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಓಡಿಹೋಗಿದ್ದ. ಬೇನೆ ಬಿದ್ದ ಊರಿನಲ್ಲಿ ಒಬ್ಬನೇ ಉಳಿಯಲು ಯಾವ ಮನೆಯವರು ತಾನೇ ತಮ್ಮ ಗಂಡಸನ್ನು ಬಿಟ್ಟಾರು?

ಆಗ ಒಬ್ಬೊಬ್ಬರಾಗಿ ಎಲ್ಲರೂ ಎದುರಿನ ಅರಳೀಮರದ ಕಡೆ ತಿರುಗಿದರು. ಅದರ ನೆರಳಿನಲ್ಲಿ ಅಡಿವೆಪ್ಪ ಗಂಟನ್ನು ಹೆಗಲಿಗೇರಿಸಿ, ನಡೆಯುವ ಮೊದಲು ತಮಾಷೆ ನೋಡೋಣವೆಂದು ನಿಂತಿದ್ದ.

“ನನ್ನ ಯಾಕ ಹಂಗ ನೋಡತೀರಿ?” ಎಂದ ಅವನು, ಎರಡು ಹೆಜ್ಜೆ ಹಿಂದೆ ಸರಿದು.

“ಹೆಂಡ್ರಿಲ್ಲ ಮಕ್ಕಳಿಲ್ಲ, ನಿನಗೇನೋ ಅಂಜಿಕಿ?” ಎಂದಳು ಕಲ್ಲವ್ವ.

“ಬೇನಿಗೆ ಅಂಜೂದಿಲ್ಲ ಯವ್ವಾ. ಒಂದ ಊರಾಗ ಕುಂಡ್ರೂದಕ್ಕ ಅಂಜತೀನಿ. ನನ್ನಿಂದ ಆಗೂದಿಲ್ಲ ಅದು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಸಾಯುವುದೆಂದರೆ ಅವನ ಲೆಕ್ಕದಲ್ಲಿ ಎಲ್ಲೋ ಒಂದು ದಾರಿಯ ಬದಿಗೆ ಕೂತು ಏಳದಿರುವುದು. ಅದು ಯಾವತ್ತಾದರೂ ಇದ್ದದ್ದೇ. ಆದರೆ ನಾಲ್ಕು ಗೋಡೆಯ ನಡುವೆ, ಯಾವತ್ತು ಹೊರಗೆ ಹೋಗುತ್ತೇನೆಂದು ತಿಳಿಯದೆ ಕೂರುವುದು ಅವನ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಕಲ್ಲವ್ವ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಸಾಲಿನಲ್ಲಿ ಎದುರಿಗಿದ್ದ ತೊಟ್ಟಿಲನ್ನು ತರಿಸಿ ಅವನ ಮುಂದೆ ಇಡಿಸಿದಳು. ನಿನ್ನೆ ತಾನೇ ಅವನು ಉಜ್ಜಿ ಮುಗಿಸಿದ ಅರಗು ಬಿಸಿಲಿಗೆ ಮಿಂಚುತ್ತಿತ್ತು. “ನಿನ್ನ ಕೈಲೆ ಮಾಡಿದ್ದು. ಅವರ ಕೈಲೆ ಸುಡಸಾಕ ಬಿಡತೀಯೇನು? ಬಿಡತೀನಂದ್ರ ನಡಿ, ನಾ ಏನೂ ಅನ್ನೂದಿಲ್ಲ” ಎಂದಳು. ಅಡಿವೆಪ್ಪ ಬಹಳ ಹೊತ್ತು ಅದನ್ನೇ ನೋಡಿ ಗಂಟನ್ನು ಕೆಳಗೆ ಇಳಿಸಿದ. ತೊಟ್ಟಿಲ ಹಗ್ಗ ಮುಟ್ಟಿಸಿ ಕಲ್ಲವ್ವ ಮಾತು ತೆಗೆದುಕೊಂಡಳು: ಒಂದೊಂದು ತೊಟ್ಟಿಲೂ ತನ್ನ ಮನೆಯವರ ಕೈ ಸೇರುವ ತನಕ ಅವನು ಸವಣಗೇರಿ ಬಿಡುವಂತಿಲ್ಲ. ವಾಮನರಾಯರು ಬ್ಯಾಂಕಿನ ವಹಿಯಲ್ಲಿ ಅವನ ಹೆಸರಿನ ಮುಂದೆ ‘ಅವಿವಾಹಿತ’ ಎಂದು ಬರೆದು, ಅದರ ಮುಂದೆ ಮನೆಸಾಮಾನು ಎಂಬಲ್ಲಿ ‘ತೊಟ್ಟಿಲುಗಳು’ ಎಂದು ಬರೆದು, ಕನ್ನಡಕ ತೆಗೆದು ಒರೆಸಿಕೊಂಡರು ಎನ್ನುತ್ತಾರೆ. ಅವರು ನಕ್ಕದ್ದನ್ನು ಊರು ಕಂಡದ್ದು ಅದೊಂದೇ ಸಲವಂತೆ.

ಊರು ಹೊರಬಿದ್ದಿತು. ಖಜಾನೆಯ ತೊಲೆಗಳಿಗೆ ತೊಟ್ಟಿಲುಗಳನ್ನು ಸಾಲಾಗಿ ಕಟ್ಟಿ, ಬಾಗಿಲಿನ ಕೀಲಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು, ಅಡಿವೆಪ್ಪ ಒಬ್ಬನೇ ಉಳಿದ. ಆಳಿಲ್ಲದ ಮನೆಗಳ ಪೇಟೆಯಲ್ಲಿ ಅವನ ಕೆಮ್ಮಿಗೆ ಅವನೇ ತಿರುಗಿ ನೋಡುವಂತಾಯಿತು. ಹೊಲದಿಂದ ಯಾರೋ ಊರ ಗಡಿಯ ಕಲ್ಲಿನ ಮೇಲೆ ರೊಟ್ಟಿ ಇಟ್ಟು ಕೂಗಿ ಹೋಗುತ್ತಿದ್ದರು. ಅದನ್ನು ತರುವುದೇ ಅವನ ಪಾಲಿನ ಪ್ರಯಾಣ. ಅರಗು ಏಳದ ಜಾಗಕ್ಕೂ ಅರಗು ಹಿಡಿಸಿದ. ಗಿಳಿಗಳ ಕಣ್ಣು ತಿದ್ದಿದ. ಮಾತಿಗೆ ಯಾರೂ ಇಲ್ಲದೆ ಗುಂಡಪ್ಪಂದಿರಿಗೆ ತಾನು ಕಂಡ ಊರುಗಳ ಕಥೆ ಹೇಳತೊಡಗಿದ. ಒಬ್ಬನಿಗೆ ಹೇಳಿದ್ದನ್ನು ಇನ್ನೊಬ್ಬನಿಗೆ ಹೇಳುವಾಗ ಸ್ವಲ್ಪ ಹೆಚ್ಚಿಗೆ ಸೇರಿಸಿದರೂ ಕೇಳುವವರು ಆಕ್ಷೇಪ ಮಾಡುತ್ತಿರಲಿಲ್ಲ. ಇಷ್ಟಾದರೂ ಕಾಲು ಕೇಳಲಿಲ್ಲ. ಒಂದು ಮುಂಜಾನೆ ಘಟ್ಟದ ಕೆಳಗಿನಿಂದ ಉಪ್ಪು ಹೇರಿಕೊಂಡು ಬಂದ ಎತ್ತಿನವರು ಊರನ್ನು ಬಳಸಿ ಹೋಗುವುದು ಕಂಡಿತು. ಗಂಟೆಯ ಸದ್ದು ಕೇಳಿ ರೊಟ್ಟಿ ಇಡುವ ಕಲ್ಲಿನ ತನಕ ಹೋದ. “ಎಲ್ಲೀತನಕ?” ಎಂದು ಕೇಳಿದ. “ಪಂಢರಾಪುರ, ಅಲ್ಲಿಂದ ಮುಂದ ದೇವರು ಕರಕೊಂಡು ಹೋದಲ್ಲಿಗೆ. ಬರತೀಯೇನು?” ಎಂದರು ಅವರು. ಅವನು ತಿರುಗಿ ಬಂದು ಖಜಾನೆಗೆ ಬೀಗ ಹಾಕಿ, ಗಂಟು ಹೊತ್ತು, ಓಡುತ್ತ ಹೋಗಿ ಅವರನ್ನು ಕೂಡಿಕೊಂಡ. ಬೀಗ ಗಟ್ಟಿಯಾಗಿದೆ, ಉಕ್ಕಿನ ಬಾಗಿಲಿದೆ, ತಾನಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ದಾರಿಯುದ್ದಕ್ಕೂ ಎತ್ತುಗಳಿಗೆ ಹೇಳುತ್ತ ನಡೆದ.

ಹಳ್ಳದ ದಂಡೆಯಲ್ಲಿ ಎತ್ತು ಬಿಚ್ಚಿದಾಗ ಸ್ನಾನಕ್ಕೆಂದು ಧೋತರ ಸಡಿಲಿಸಿದ. ಸೊಂಟದಲ್ಲಿ ಕೀಲಿ ತಣ್ಣಗೆ ತಾಗಿತು. ಓಡುವ ಅವಸರದಲ್ಲಿ ಅದನ್ನು ಬಿಚ್ಚಿಡುವುದನ್ನೇ ಮರೆತಿದ್ದ. ಕೊಟ್ಟು ಬರಬೇಕೆಂದರೆ ಯಾರಿಗೆ ಕೊಡುವುದು? ಕೊಡುವುದಕ್ಕೆ ಊರಿನಲ್ಲಿ ಯಾರೂ ಇರಲಿಲ್ಲ. ಹಳ್ಳಕ್ಕೆ ಎಸೆಯಲು ಕೈ ಎತ್ತಿದ; ಕೈ ಎತ್ತಿದಂತೆಯೇ ನಿಂತಿತು. ಬೇರೆಯವರ ಮನೆಯ ಕೀಲಿ ಅವನ ಹತ್ತಿರ ಎಂದೂ ಇದ್ದಿರಲಿಲ್ಲ. ಅದನ್ನು ಏನು ಮಾಡಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಉಪ್ಪಿನವರಿಗೆ, ಅವರ ಎತ್ತುಗಳಿಗೆ, ಕಲ್ಲವ್ವನಿಗೆ, ತನಗೆ, ಎಲ್ಲರಿಗೂ ಬೈಯುತ್ತ ಬಂದ ದಾರಿಯನ್ನೇ ಹಿಡಿದ. ಹಿಡಿದ ದಾರಿಯಲ್ಲಿ ಹಿಂದಕ್ಕೆ ನಡೆದದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಅವನು ಪೇಟೆ ಮುಟ್ಟುವ ಹೊತ್ತಿಗೆ ಬೀದಿಯಲ್ಲಿ ಹೊಗೆ ಎದ್ದಿತ್ತು. ಬಂದೋಬಸ್ತಿನ ಮಂದಿ ಬಂದು ಮನೆಮನೆಯ ಮಂಚ, ಪೆಟ್ಟಿಗೆಗಳನ್ನು ರಾಶಿ ಹಾಕಿ ಬೆಂಕಿ ಕೊಟ್ಟಿದ್ದರು. ಅವರ ಜಮಾದಾರ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು, ಖಜಾನೆಯ ಬಾಗಿಲು ಒಡೆಯಲು ಕಮ್ಮಾರನನ್ನು ಕರೆತರುವಂತೆ ಕೂಗಿ ಹೇಳುತ್ತಿದ್ದ. ಅಡಿವೆಪ್ಪ ಏದುಸಿರು ಬಿಡುತ್ತ ಹೋಗಿ ಕೀಲಿ ತೋರಿಸಿದ. ತಾನು ಇಲ್ಲಿಯ ಕಾವಲುಗಾರ, ಒಳಗಿರುವುದು ತನ್ನ ಮನೆಸಾಮಾನು ಎಂದ. “ತಗಿ, ನೋಡೂಣು” ಎಂದ ಜಮಾದಾರ. ಬಾಗಿಲು ತೆರೆದಾಗ ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಒಂದರ ಹಿಂದೆ ಒಂದರಂತೆ ಕತ್ತಲೆಯ ತನಕ ತೊಟ್ಟಿಲುಗಳೇ.

“ಇವಿಷ್ಟೂ ನಿನ್ನವು?”

“ಹೌದ್ರಿ.”

“ಹೆಂಡ್ರು ಎಷ್ಟ ಮಂದಿಯೋ ನಿನಗ?”

“ಇನ್ನಾ ಲಗ್ನ ಆಗಿಲ್ರಿ.”

ಹಿಂದೆ ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜಮಾದಾರ ನಗಲಿಲ್ಲ. ಸುಳ್ಳು ಹೇಳುವವರನ್ನು ದಿನವೂ ಕಂಡವನು ಅವನು. ಒಡೆಯರಿಲ್ಲದ ಸಾಮಾನು ಹೊರಗೆ ಎಳೆಯಿರಿ ಎನ್ನಲು ಕೈ ಎತ್ತಿದವನು, ಸಮೀಪದ ತೊಟ್ಟಿಲಲ್ಲಿ ಏನೋ ಮಲಗಿದಂತೆ ಕಂಡು ಬಗ್ಗಿದ.

“ಅದರಾಗ ಏನೈತಿ?”

“ಮಕ್ಕೊಂಡಾವ್ರಿ” ಎಂದ ಅಡಿವೆಪ್ಪ. ಹೇಳಬೇಕೆಂದು ಹೇಳಿದ್ದಲ್ಲ; ಇಷ್ಟು ದಿನದ ರೂಢಿಯಿಂದ ಬಾಯಿಗೆ ಬಂದದ್ದು. “ಸಾವಕಾಶ ಮಾತಾಡ್ರಿ.”

ಜಮಾದಾರ ಅರಿವೆ ಸರಿಸಿದ. ಕುಂಚಿಗೆ ತೊಟ್ಟು, ಹಣೆಗೆ ಕಾಡಿಗೆಯ ಬೊಟ್ಟು ಇಟ್ಟುಕೊಂಡ ಗುಂಡುಕಲ್ಲು. ಅದನ್ನು ನೋಡುತ್ತಲೇ ಅವನ ಮುಖ ಬೇರೆಯಾಯಿತಂತೆ. ಅವನೂ ಆ ಸೀಮೆಯವನೇ. ಅವನನ್ನೂ ಯಾವುದೋ ಒಂದು ಗುಂಡಪ್ಪನ ಹಿಂದೆಯೇ ಯಾರೋ ಮಲಗಿಸಿದ್ದರು. ಸರಿಸಿದ ಅರಿವೆಯನ್ನು ಮೊದಲಿನಂತೆಯೇ ಹೊದಿಸಿದ. ಹೊದಿಸಿದ ಕೈ ಅಲ್ಲಿಂದ ಹಿಂದೆ ಬರುವ ಬದಲು, ಅವನಿಗೆ ತಿಳಿಯದಂತೆಯೇ, ತೊಟ್ಟಿಲನ್ನು ಒಂದು ಸಲ ತೂಗಿತು. ಹಗ್ಗ ಕಿರುಗುಟ್ಟಿತು. ಅಷ್ಟೇ. ತಾನೇ ತೂಗಿದ ತೊಟ್ಟಿಲಿಗೆ ಬೆಂಕಿ ಇಡುವ ಕೈ ಯಾವ ಮನುಷ್ಯನಿಗಿದೆ ಎಂದು ಸವಣಗೇರಿಯ ಮುದುಕಿಯರು ಈ ಜಾಗದಲ್ಲಿ ಕಥೆ ನಿಲ್ಲಿಸಿ ಕೇಳುತ್ತಾರೆ. ಜಮಾದಾರ ತನ್ನ ಮಂದಿಯ ಕಡೆ ತಿರುಗಿ, “ಒಡೆಯ ಇಲ್ಲೇ ಅದಾನ. ಇವನ ಸಂಸಾರ ಭಾಳ ದೊಡ್ಡದೈತಿ, ನಡೀರಿ” ಎಂದು ಮೆಟ್ಟಿಲಿಳಿದು ಹೋದ.

ಮಳೆಗಾಲ ಕಳೆದು, ಬೇನೆ ಇಳಿದು, ಊರು ಊರಿಗೆ ಮರಳಿತು. ಹೆಂಗಸರು ತಮ್ಮ ತಮ್ಮ ತೊಟ್ಟಿಲು ಗುರುತಿಸಿ ಒಯ್ದರು. ರಾಯರ ಸೊಸೆ ಗುಡಿಸಲಿನಲ್ಲಿ ಹೆತ್ತ ಹೆಣ್ಣುಕೂಸನ್ನು ಎತ್ತಿಕೊಂಡೇ ಬಂದಳು. ದಿನ ಕಳೆದಂತೆ ಖಜಾನೆಯ ತೊಲೆಗಳು ಬರಿದಾಗುತ್ತ ಬಂದವು. ಆದರೆ ಪೂರ್ತಿ ಬರಿದಾಗಲಿಲ್ಲ. ಹಿಂದಿನ ಗೋಡೆಯ ಕಡೆಗೆ ಕೆಲವು ತೊಟ್ಟಿಲುಗಳು ಉಳಿದೇಬಿಟ್ಟವು. ಅಡಿವೆಪ್ಪ ಗಂಟನ್ನು ಬಾಗಿಲ ಬಳಿ ತಂದಿಟ್ಟುಕೊಂಡು, ಇವತ್ತು ಬಂದಾರು, ನಾಳೆ ಬಂದಾರು ಎಂದು ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಆ ತೊಟ್ಟಿಲುಗಳ ಮನೆಯವರು ಬೇನೆಯಲ್ಲಿ ತೀರಿದಾಗ ಅವರ ಕಣ್ಣು ಮುಚ್ಚಿಸಿದವಳು ಕಲ್ಲವ್ವನೇ. ಆದರೆ ಅವಳು ಬಾಯಿ ಬಿಡಲಿಲ್ಲ. ಒಂದು ತೊಟ್ಟಿಲ ವಂಶ ತೀರಿತೆಂದು ತೊಟ್ಟಿಲಿಗೆ ಕೇಳುವಂತೆ ಹೇಳುವುದುಂಟೇ? ಅವಳು ದಿನವೂ ಬ್ಯಾಂಕಿನ ಮುಂದೆ ಹಾದುಹೋಗುವಳು, ಅವನು ದಿನವೂ “ಬಂದ್ರೇನ ಯವ್ವಾ ಅವರು?” ಎಂದು ಕೇಳುವನು, ಅವಳು ಸೆರಗು ಸರಿಮಾಡಿಕೊಂಡು ಮುಂದೆ ಹೋಗುವಳು. ವಾಮನರಾಯರಿಗೂ ತಲೆನೋವು ಶುರುವಾಗಿತ್ತು. ಖಜಾನೆಗೆ ಹಣದ ಪೆಟ್ಟಿಗೆಗಳು ಮರಳಿ ಬರಬೇಕು. ಉಳಿದ ತೊಟ್ಟಿಲುಗಳನ್ನು ಹರಾಜಿಗೆ ಹಾಕೋಣವೆಂದರೆ ಬೆಲೆ ಹೇಳದ ಸಾಮಾನಿಗೆ ಸವಾಲು ಕೂಗುವವರು ಯಾರು?

ಅಂಥದರಲ್ಲಿ ಹತ್ತಿ ಬಿಡಿಸಲು ದೂರದ ಸೀಮೆಯಿಂದ ಬಂದ ಕೂಲಿಯ ಹೆಂಗಸೊಬ್ಬಳು ಜಿನ್ನಿನ ಹಿಂದಿನ ಗೋಡೆಯ ಮರೆಯಲ್ಲಿ ಹೆತ್ತಳು. ಗಂಡ ಬೇನೆಯಲ್ಲಿ ಹೋಗಿದ್ದ, ತವರೆಂಬುದು ಇರಲಿಲ್ಲ. ಕೂಸಿನ ಹೊಕ್ಕುಳಬಳ್ಳಿ ಕತ್ತರಿಸಿದ ಕೈಯನ್ನು ತೊಳೆದುಕೊಂಡು ಕಲ್ಲವ್ವ ನೇರವಾಗಿ ಬ್ಯಾಂಕಿಗೆ ಬಂದಳು.

“ಒಂದ ತೊಟ್ಟಿಲಾ ಕೊಡೋ ತಮ್ಮಾ.”

“ಅವರ ಮನಿಯವರ ಕೈಯಾಗ ಕೊಡತೀನಿ ಅಂತ ಹಗ್ಗಾ ಮುಟ್ಟಿಸಿದಾಕಿ ನೀನ. ಅವರ ಬರ್ಲಿ.”

“ಬರೂದಿಲ್ಲೋ.”

ಅವನು ಅವಳ ಮುಖ ನೋಡಿದ. ಬಳಿಕ ತಿರುಗಿ, ಒಳಗೆ ತೂಗುತ್ತಿದ್ದ ಉಳಿದವುಗಳನ್ನು ನೋಡಿದ. “ಇವು?” ಎಂದ. “ಅವೂ?” ಎಂದ. ಕಲ್ಲವ್ವ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಷ್ಟು ದಿನ ತಾನು ಸತ್ತವರ ದಾರಿ ಕಾಯುತ್ತಿದ್ದೆನೆಂಬುದು ಅಡಿವೆಪ್ಪನಿಗೆ ಆಗ ತಿಳಿಯಿತು. ಅವನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಒಳಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವನ ತೋಳಿನಲ್ಲಿ ಒಂದು ಕೆಂಪು ತೊಟ್ಟಿಲಿತ್ತು. “ಒಯ್ಯಿ. ಗುಂಡಪ್ಪನ್ನೂ ಒಯ್ಯಿ, ಕೂಸಿಗೆ ಅಣ್ಣ ಬೇಕು. ಆದ್ರ ತಾಯಿಗೆ ಹೇಳು, ಕೂಸು ನಡದಾಡೂ ಹೊತ್ತಿಗೆ ತಿರುಗಿ ತಂದು ಇಲ್ಲೇ ಕಟ್ಟಬೇಕು. ಮತ್ತ ಯಾರಿಗರ ಬೇಕಾಗತೈತಿ” ಎಂದ. ಕೌಂಟರಿನ ಆಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡ ವಾಮನರಾಯರು ಕೆಮ್ಮಿದರು. ಕಾವಲುಗಾರನ ಸಾಮಾನನ್ನು ಕಾವಲುಗಾರ ಯಾರಿಗಾದರೂ ಕೊಡಬಹುದು, ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು, ಅದರಲ್ಲಿ ಬ್ಯಾಂಕು ಕೈ ಹಾಕುವುದಿಲ್ಲ ಎಂದರು. ಒಬ್ಬ ಕಾವಲುಗಾರ ಹೋಗಿ ಇನ್ನೊಬ್ಬ ಬಂದರೆ ಸಾಮಾನು ಬಂದವನದು ಎಂದೂ ತಾವಾಗಿಯೇ ಸೇರಿಸಿದರು. ಆ ಮಾತು ಮಾತ್ರ ಯಾವ ನಿಯಮದಲ್ಲೂ ಇರಲಿಲ್ಲ ಎನ್ನುತ್ತಾರೆ.

ಅಂದಿನಿಂದ ಪೇಟೆ ಬ್ಯಾಂಕು ಇರುವ ತನಕವೂ ಸವಣಗೇರಿಯಲ್ಲಿ ತೊಟ್ಟಿಲಿಲ್ಲದ ಮನೆಯವರು ಅಲ್ಲಿಗೆ ಬಂದು, ಕಾವಲುಗಾರನನ್ನು ಕೇಳಿ, ತೊಟ್ಟಿಲು ಒಯ್ದು, ಕೂಸು ಬೆಳೆದ ಮೇಲೆ ಒಂದು ಸೇರು ಜೋಳ ತುಂಬಿ ತಂದುಕೊಡುತ್ತಿದ್ದರು. ಉಳಿದ ಗಿರಾಕಿಗಳು ಬಂದು ಹೋದರು, ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ಕರಗಿತು, ಕಟ್ಟಡ ಬೀಗ ಬಿದ್ದು ಪಾರಿವಾಳಗಳ ಪಾಲಾಗಿ ಬಳಿಕ ಚಿತ್ರಗಳ ಪಾಲಾಯಿತು. ಹೆಸರು ಮಾತ್ರ ತೊಟ್ಟಿಲಿನದೇ ಉಳಿಯಿತು. ಕೊನೆಯ ತೊಟ್ಟಿಲನ್ನು ಒಯ್ದವರು ಯಾರೋ ತಿರುಗಿ ತಂದುಕೊಟ್ಟಿಲ್ಲ. ಊರಿಗೆ ಅದರ ಚಿಂತೆಯಿಲ್ಲ. ಎಲ್ಲಿಯೋ ಒಂದು ಕೂಸು ಇನ್ನೂ ಅದರಲ್ಲಿ ಮಲಗಿರಬೇಕು ಎನ್ನುತ್ತಾರೆ. ಈಗ ಗ್ಯಾಲರಿಗೆ ಹೋದವರು ಖಜಾನೆಯೊಳಗೆ ಕಾಲಿಡುವ ಮೊದಲು ಬಾಗಿಲ ಎಡಗಡೆಯ ಕಲ್ಲಿನ ಚೌಕಟ್ಟನ್ನು ನೋಡಬೇಕು. ಮೊಣಕಾಲಿನಿಂದ ಸೊಂಟದ ಎತ್ತರದ ತನಕ ಕೆಂಪು, ಹಳದಿ, ಹಸಿರು ಗೀರುಗಳು ಒಂದರ ಮೇಲೊಂದು ಬಿದ್ದಿವೆ. ಬಾಗಿಲು ಇಕ್ಕಟ್ಟು, ತೊಟ್ಟಿಲು ಅಗಲ. ಹೊರಗೆ ಹೋಗುವಾಗ, ಒಳಗೆ ಬರುವಾಗ ಉಜ್ಜಿದ ಅರಗು ಅದು. ಪಟ್ಟಣದಿಂದ ಬಂದ ಕೆಲವರು ಅದನ್ನೂ ಒಂದು ಹೊಸ ನಮೂನೆಯ ಚಿತ್ರವೆಂದು ತಿಳಿದು, ಬರೆದವರ ಹೆಸರಿಗಾಗಿ ಗೋಡೆ ಹುಡುಕುತ್ತಾರೆ.

ಜಿನ್ನಿನ ಹಿಂದಿನ ಕೂಸಿಗೆ ಕೆಂಪು ತೊಟ್ಟಿಲು ಹೋದ ದಿನವೇ ಅಡಿವೆಪ್ಪ ಕೀಲಿಯನ್ನು ಕೌಂಟರಿನ ಮೇಲೆ ಇಟ್ಟ. ಅರಗಿನ ಕಡ್ಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ಕಟ್ಟಿದ, ಕುಂಚಗಳನ್ನು ಅರಿವೆಯಲ್ಲಿ ಸುತ್ತಿದ, ಒಣಗಿದ ಕೇದಗೆ ಎಲೆಯನ್ನು ಎಸೆದ. ಕಲ್ಲವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಉಳಿದ ತೊಟ್ಟಿಲುಗಳನ್ನು ತೋರಿಸಿ, “ನಿನ್ನ ಸಾಮಾನ ಅಲ್ಲೇನೋ ಇವು? ಒಂದನ್ನರ ತಗೊಂಡ ಹೋಗು. ಎಲ್ಯಾರ ಲಗ್ನಾ ಮಾಡಿಕೊಂಡ್ರ ಬೇಕಾಗತೈತಿ” ಎಂದಳು.

ಅವನು ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದ. ಬಿಗಿದು ಮುಗಿಸಿ, ಹೆಗಲಿಗೆ ಹಾಕಿಕೊಂಡು, ಹೇಳಿದ:

“ತೊಟ್ಟಿಲಾ ಕಟ್ಟಾಕ ತೊಲಿ ಬೇಕಲ್ಲ ಯವ್ವಾ.”